ಸ್ಪೀಡ್ ಕೇಸಿಗೆ ಕೋರ್ಟಿನ ಮೆಟ್ಟಿಲು ಹತ್ತುವ ಮುನ್ನ, ಹತ್ತಿದ ಮೇಲೆ

ಕಾರಟಗಿ ಕಡೆಯ ರೈಸ್ ಮಿಲ್ಲುಗಳಿಂದ ಅಕ್ಕಿ ಹೇರಿಕೊಂಡು ಟಾಟಾ ಏಸ್ ಓಡಿಸುವ ಹುಡುಗನೊಬ್ಬ ಹೋದ ಬೇಸಿಗೆಯಲ್ಲಿ ನನ್ನ ಟೈಪಿಂಗ್ ಅಂಗಡಿಗೆ ಬಂದಿದ್ದ. ಕೈಯಲ್ಲಿ ಕೋರ್ಟಿನ ಸಮನ್ಸು, ಹಣೆ ತುಂಬ ಬೆವರು. 'ಅಣ್ಣಾರ, ತಪ್ಪಾತು ಅಂತ ಒಂದು ಅರ್ಜಿ ಬರದ್ ಕೊಡ್ರಿ, ರೊಕ್ಕ ಕಟ್ಟಿ ಹೊಕ್ಕೀನಿ. ಗಾಡಿ ಲೋಡ್ ಆಗಿ ನಿಂತೈತಿ' ಅಂದ. ಕಾಗದ ಬಿಡಿಸಿ ನೋಡಿದೆ. ಜೊತೆಗೆ ಲಗತ್ತಿಸಿದ್ದ ಫೋಟೊದಲ್ಲಿ ಏಸ್ ಗಾಡಿಯೇ ಇರಲಿಲ್ಲ. ಅದೊಂದು ಬಿಳಿ ಕಾರು. ನಂಬರಿನ ಕೊನೆಯ 8 ಅನ್ನು ಯಾರೋ 3 ಎಂದು ಓದಿದ್ದರು. ಸಮನ್ಸು ಕೈ ಸೇರಿ ಹನ್ನೊಂದು ದಿನ ಆಗಿತ್ತು, ಆ ಫೋಟೊವನ್ನು ಅವನು ಒಮ್ಮೆಯೂ ದಿಟ್ಟಿಸಿ ನೋಡಿರಲಿಲ್ಲ.

ನಾನು ವಕೀಲನಲ್ಲ. ಕೊಪ್ಪಳದಲ್ಲಿ ಅರ್ಜಿ, ಅಫಿಡವಿಟ್ಟು, ಬಾಡಿಗೆ ಕರಾರು ಟೈಪ್ ಮಾಡುತ್ತ ಇಪ್ಪತ್ತು ವರ್ಷ ಕಳೆದವನು. ಸ್ಪೀಡ್ ಕೇಸಿನ ಮುಕ್ಕಾಲು ಕೆಲಸ ಕೋರ್ಟಿನೊಳಗೆ ಆಗುವುದಿಲ್ಲ, ಮನೆಯ ಕಟ್ಟೆಯ ಮೇಲೆ ಕೂತು ಕಾಗದ ಓದುವಾಗಲೇ ಆಗಿಹೋಗುತ್ತದೆ ಎಂಬುದು ಇಷ್ಟು ವರ್ಷದಲ್ಲಿ ನಾನು ಕಂಡದ್ದು. ಆದ್ದರಿಂದ ಈ ಲೇಖನದಲ್ಲೂ ಕಾಗದದ ಮಾತೇ ಹೆಚ್ಚು, ಕೋರ್ಟಿನ ಮಾತು ಕಡಿಮೆ.

ಬಂದಿರುವುದು ಏನು ಎಂದು ಮೊದಲು ನೋಡಿ

ಮೊಬೈಲಿಗೆ ಬರುವ ಸಂದೇಶ ಬೇರೆ, ಅಂಚೆಯಲ್ಲಿ ಬರುವ ನೋಟಿಸು ಬೇರೆ, ಕೋರ್ಟಿನ ಸಮನ್ಸು ಬೇರೆ. ಸಂದೇಶ ಮತ್ತು ನೋಟಿಸು ಪೊಲೀಸರಿಂದ ಬಂದವು, ಅಲ್ಲಿ ಇನ್ನೂ ಕೇಸು ಕೋರ್ಟಿಗೆ ಹೋಗಿರುವುದಿಲ್ಲ. ನೋಟಿಸಿನಲ್ಲಿ ಕೊಟ್ಟ ಗಡುವಿನೊಳಗೆ ದಂಡ ಕಟ್ಟಿದರೆ ಅಲ್ಲಿಗೇ ಮುಗಿಯುತ್ತದೆ. ಸಮನ್ಸಿನಲ್ಲಿ ಕೋರ್ಟಿನ ಹೆಸರು, ಕೇಸಿನ ನಂಬರು, ಹಾಜರಾಗಬೇಕಾದ ತಾರೀಕು, ಮೊಹರು ಇರುತ್ತವೆ. ಅದು ಬಂದ ಮೇಲೆ 'ನೋಡೋಣ ಬಿಡು' ಎನ್ನುವ ಮಾತಿಲ್ಲ.

ವಾಟ್ಸಾಪಿನಲ್ಲಿ 'ನಿಮ್ಮ ಗಾಡಿಗೆ ಚಲನ್ ಆಗಿದೆ, ಈ ಫೈಲು ತೆರೆದು ನೋಡಿ' ಎಂದು ಬಂದರೆ ತೆರೆಯಬೇಡಿ. ಎಪಿಕೆ ಎಂದು ಕೊನೆಯಾಗುವ ಫೈಲು ಚಲನ್ ಅಲ್ಲವೇ ಅಲ್ಲ, ಮೊಬೈಲಿನೊಳಗೆ ಹೊಕ್ಕು ಬ್ಯಾಂಕಿನ ದುಡ್ಡು ಬಳಿಯುವ ಆ್ಯಪ್ ಅದು. ಒತ್ತಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಿಜವಾದ ಚಲನ್ ಹೌದೋ ಅಲ್ಲವೋ ತಿಳಿಯಲು ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ಇ-ಚಲನ್ ಜಾಲತಾಣಕ್ಕೆ ನೀವೇ ಹೋಗಿ ಗಾಡಿ ನಂಬರು ಹಾಕಿ ನೋಡಬಹುದು. ಸಂಚಾರ ಠಾಣೆಯಲ್ಲಿ ಕೇಳಿದರೂ ಹೇಳುತ್ತಾರೆ.

ಕಾಗದ ಓದುವ ಬಗೆ

ಬಿಳಿ ಹಾಳೆ, ಪೆನ್ನು ಇಟ್ಟುಕೊಂಡು ಕೂರಿ. ಮೊದಲು ಫೋಟೊ. ಗಾಡಿ ನಿಮ್ಮದೇ? ಬಣ್ಣ, ಮಾದರಿ, ನಂಬರ್ ಪ್ಲೇಟಿನ ಒಂದೊಂದು ಅಂಕಿ? ಕೆಎ 37 ಎಂದು ಆರಂಭವಾದ ಮಾತ್ರಕ್ಕೆ ನಿಮ್ಮದಾಗಲಿಲ್ಲ, ಇಡೀ ಕೊಪ್ಪಳ ಜಿಲ್ಲೆಯ ಗಾಡಿಗಳು ಅದರಲ್ಲೇ ಬರುತ್ತವೆ. ಆಮೇಲೆ ಜಾಗ ಮತ್ತು ಹೊತ್ತು. ಆ ದಿನ ಆ ಹೊತ್ತಿಗೆ ಗಾಡಿ ಎಲ್ಲಿತ್ತು ಎಂಬುದನ್ನು ಹಾಳೆಯಲ್ಲಿ ಬರೆಯಿರಿ. ನೆನಪಿಗಿಂತ ಫಾಸ್ಟ್ಯಾಗ್ ಹೆಚ್ಚು ನಂಬಿಕಸ್ಥ. ಟೋಲ್ ದಾಟಿದ ನಿಮಿಷ ಅದರ ಸ್ಟೇಟ್‌ಮೆಂಟಿನಲ್ಲಿ ಇರುತ್ತದೆ. ಪೆಟ್ರೋಲ್ ಬಂಕಿನ ಬಿಲ್ಲು, ಎಪಿಎಂಸಿಯ ತೂಕದ ಚೀಟಿ, ಮಿಲ್ಲಿನ ಗೇಟ್ ಪಾಸು, ಇವೆಲ್ಲ ಸಾಕ್ಷಿಯೇ. ನಿಮ್ಮ ನಂಬರನ್ನು ಬೇರೆ ಯಾರೋ ಹಾಕಿಕೊಂಡು ತಿರುಗುತ್ತಿದ್ದಾರೆ ಎಂಬ ಗುಮಾನಿ ಬಂದರೆ ದಂಡದ ಯೋಚನೆ ಆಮೇಲೆ. ಮೊದಲು ಠಾಣೆಗೆ ಹೋಗಿ ದೂರು ಬರೆದುಕೊಟ್ಟು ಹಿಂಬರಹ ತೆಗೆದುಕೊಳ್ಳಿ. ನಾಳೆ ಆ ಗಾಡಿ ಯಾರಿಗಾದರೂ ಗುದ್ದಿದರೆ ಮನೆಗೆ ಬರುವವರು ಚಲನ್ ಹಿಡಿದುಕೊಂಡು ಬರುವುದಿಲ್ಲ.

ಮೂರನೆಯದು ಆ ರಸ್ತೆಯ ವೇಗಮಿತಿ. ಇಲ್ಲಿಯೇ ನಮ್ಮ ಕಡೆ ಬಹಳ ಜನ ಎಡವುವುದು. ಹಿಟ್ನಾಳ ಕ್ರಾಸಿನಿಂದ ಕುಷ್ಟಗಿ ಕಡೆಗೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಯಂಥ, ನಡುವೆ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ ಗರಿಷ್ಠ 100 ಕಿ.ಮೀ. ಇದು 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ಲೆಕ್ಕ. ಅದೇ ರಸ್ತೆಯಲ್ಲಿ ಸರಕು ಗಾಡಿಗೆ 80, ಬೈಕಿಗೆ 80, ಆಟೊಗೆ 50. ಟಾಟಾ ಏಸಿನ ಡ್ರೈವರು ಪಕ್ಕದ ಕಾರಿನ ಸಮಕ್ಕೆ 95ರಲ್ಲಿ ಓಡಿಸಿ 'ನೂರರ ಒಳಗೇ ಇದ್ದೆ' ಎಂದರೆ ನಡೆಯುವುದಿಲ್ಲ. ಊರೊಳಗಿನ ರಸ್ತೆಯಲ್ಲಿ ಕಾರಿಗೆ 70, ಬೈಕಿಗೂ ಸರಕು ಗಾಡಿಗೂ 60. ಇವೆಲ್ಲ ಮೇಲ್ಮಿತಿ ಮಾತ್ರ. ಶಾಲೆ, ಊರು, ತಿರುವು ಇರುವಲ್ಲಿ ರಾಜ್ಯ ಸರ್ಕಾರ ಇದನ್ನು ಇನ್ನೂ ಇಳಿಸಬಹುದು, ಇಳಿಸಿದಾಗ ಫಲಕ ಹಾಕಬೇಕು. ಹಾಗಾಗಿ ಆ ಜಾಗಕ್ಕೆ ಒಮ್ಮೆ ಹೋಗಿ ಫಲಕ ಇದೆಯೇ, ಜಾಲಿ ಕಂಟಿಯ ಹಿಂದೆ ಮುಚ್ಚಿಹೋಗಿದೆಯೇ ನೋಡಿ, ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ನಾಲ್ಕು ತಿಂಗಳ ಬಳಿಕ ಕೋರ್ಟಿನಲ್ಲಿ 'ಫಲಕ ಇರಲಿಲ್ಲ ಸ್ವಾಮಿ' ಎಂದರೆ ಅದು ಬರೀ ಬಾಯಿಮಾತು.

ನಾಲ್ಕನೆಯದು ದಿನಗಳ ಲೆಕ್ಕ. ಇದನ್ನು ನಾನು ಬಂದವರಿಗೆಲ್ಲ ಕ್ಯಾಲೆಂಡರ್ ಮೇಲೆ ಬೆರಳಿಟ್ಟು ಎಣಿಸಿ ತೋರಿಸುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 209ನೇ ಕಲಂ ಪ್ರಕಾರ ಅತಿವೇಗದ ಕೇಸಿನಲ್ಲಿ ಶಿಕ್ಷೆ ಕೊಡಬೇಕಾದರೆ ಮೂರರಲ್ಲಿ ಒಂದಾದರೂ ಆಗಿರಬೇಕು. ರಸ್ತೆಯಲ್ಲಿ ನಿಲ್ಲಿಸಿದಾಗಲೇ 'ನಿನ್ನ ಮೇಲೆ ಕೇಸು ಹಾಕಬಹುದು' ಎಂದು ಎಚ್ಚರಿಸಿರಬೇಕು. ಇಲ್ಲವೇ 14 ದಿನದೊಳಗೆ ಡ್ರೈವರಿಗೋ ಗಾಡಿಯ ಮಾಲೀಕರಿಗೋ ನೋಟಿಸು ತಲುಪಿಸಿರಬೇಕು ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿರಬೇಕು. ಅದೂ ಇಲ್ಲದಿದ್ದರೆ 28 ದಿನದೊಳಗೆ ಸಮನ್ಸು ಜಾರಿಯಾಗಿರಬೇಕು. ಕ್ಯಾಮೆರಾ ಹಿಡಿದ ಚಲನ್‌ಗಳಿಗೆ 2021ರಲ್ಲಿ ಸೇರಿಸಿದ 167ಎ ನಿಯಮ 15 ದಿನದೊಳಗೆ ನೋಟಿಸು ಕಳಿಸಬೇಕು ಎನ್ನುತ್ತದೆ. ಲಕೋಟೆಯನ್ನು ಬಿಸಾಕಬೇಡಿ ಎಂದು ನಾನು ಹೇಳುವುದು ಇದಕ್ಕೇ. ಅಂಚೆ ಮುದ್ರೆಯ ತಾರೀಕು ಅದರ ಮೇಲೇ ಇರುತ್ತದೆ. ಆದರೆ ಆರ್‌ಸಿಯಲ್ಲಿ ಹಳೇ ವಿಳಾಸ ಬಿಟ್ಟುಕೊಂಡು, ನೋಟಿಸು ಗಂಗಾವತಿಯ ಹಳೇ ಬಾಡಿಗೆ ಮನೆಗೆ ಹೋಗಿದ್ದರೆ, 'ನನಗೆ ಬಂದೇ ಇಲ್ಲ' ಎನ್ನುವ ವಾದ ಗಟ್ಟಿಯಾಗಿ ನಿಲ್ಲುವುದಿಲ್ಲ. ನಿಮ್ಮ ನಡತೆಯಿಂದಲೇ ನೋಟಿಸು ತಪ್ಪಿದ್ದರೆ ಈ ರಕ್ಷಣೆ ಸಿಗದು ಎಂದು ಕಲಮಿನಲ್ಲೇ ಬರೆದಿದೆ.

ಇನ್ನೊಂದು ಲೆಕ್ಕವೂ ಇದೆ. ಅತಿವೇಗಕ್ಕೆ ಕಾಯ್ದೆ ಹೇಳುವುದು ದಂಡ ಮಾತ್ರ, ಜೈಲಿಲ್ಲ. ದಂಡ ಮಾತ್ರದ ಅಪರಾಧವನ್ನು ಕೋರ್ಟು ಕೈಗೆತ್ತಿಕೊಳ್ಳಲು ಆರು ತಿಂಗಳ ಮಿತಿ ಇದೆ. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ನ್ಯಾಯಾಧೀಶರು ಅದನ್ನು ಮನ್ನಿಸಬಹುದು. ಎರಡು ವರ್ಷದ ಹಿಂದಿನ ಘಟನೆಗೆ ಈಗ ಹೊಸದಾಗಿ ಕೇಸು ಹೂಡಿದ ಕಾಗದ ಬಂದರೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

ಕೊನೆಯದು ಯಂತ್ರ. ಗಂಗಾವತಿಯ ಭತ್ತದ ವ್ಯಾಪಾರಿಗಳಿಗೆ ಇದನ್ನು ವಿವರಿಸುವುದು ಸುಲಭ. ತೂಕದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇಲ್ಲದಿದ್ದರೆ ಆ ತೂಕವನ್ನು ನೀವು ಒಪ್ಪುತ್ತೀರಾ? ವಾಹನದ ವೇಗ ಅಳೆಯುವ ರೇಡಾರ್ ಯಂತ್ರವೂ ಈಗ ಅದೇ ಸಾಲಿಗೆ ಬಂದಿದೆ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ ಆ ವರ್ಷದ ಜುಲೈ 1ರಿಂದ ಅಂಥ ಯಂತ್ರಗಳು ಪರಿಶೀಲನೆಯಾಗಿ ಮುದ್ರೆ ಪಡೆದಿರಬೇಕು. ಕ್ಯಾಮೆರಾ ಚಲನ್ ಆದರೆ ಸ್ಪಷ್ಟ ಫೋಟೊ, ಯಂತ್ರ ಅಳೆದ ವೇಗ, ದಿನ, ಹೊತ್ತು, ಜಾಗ, ಯಾವ ಕಲಂ ಎಂಬುದರ ಜೊತೆಗೆ ಆ ಎಲೆಕ್ಟ್ರಾನಿಕ್ ದಾಖಲೆಗೆ ಒಂದು ಪ್ರಮಾಣಪತ್ರವೂ ಇರಬೇಕು. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ ಅದನ್ನು 65ಬಿ ಪ್ರಮಾಣಪತ್ರ ಎನ್ನುತ್ತಿದ್ದರು. 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ 63ನೇ ಕಲಂ ಆಗಿದೆ. ಯಂತ್ರವೇ ಇಲ್ಲದೆ ಒಬ್ಬ ಸಾಕ್ಷಿ ಬಂದು 'ಗಾಡಿ ಭಾಳ ಜೋರಾಗಿ ಬಂತು' ಎಂದು ತನ್ನ ಅಂದಾಜು ಹೇಳಿದರೆ ಅಷ್ಟರ ಮೇಲೆ ಶಿಕ್ಷೆ ಕೊಡುವಂತಿಲ್ಲ. ಇದು ಅತಿವೇಗಕ್ಕೆ ದಂಡ ಹೇಳುವ 183ನೇ ಕಲಮಿನಲ್ಲೇ ಇರುವ ಮಾತು.

ಗಾಡಿ ಓಡಿಸಿದ್ದು ಯಾರು?

ನೋಟಿಸು ಬರುವುದು ಆರ್‌ಸಿಯಲ್ಲಿ ಹೆಸರಿರುವವರಿಗೆ. ತಪ್ಪು ಮಾತ್ರ ಓಡಿಸಿದವರದು. ಮಾಲೀಕರು ಸಂಬಳದ ಡ್ರೈವರಿಗೆ 'ಬೇಗ ಮುಟ್ಟಿಸು' ಎಂದು ಓಡಿಸಿದ್ದರೆ ಅವರಿಗೂ ಅದೇ ಕಲಮಿನಲ್ಲಿ ದಂಡವಿದೆ, ಅದು ಬೇರೆ ಮಾತು. ಪೊಲೀಸರು ಕೇಳಿದಾಗ ಡ್ರೈವರ್ ಯಾರು ಎಂಬುದನ್ನು ತಿಳಿಸುವುದು 133ನೇ ಕಲಂ ಪ್ರಕಾರ ಮಾಲೀಕರ ಕರ್ತವ್ಯ. ನಮ್ಮಲ್ಲಿ ಅಳಿಯ ಓಡಿಸಿದ್ದಕ್ಕೆ ಮಾವ ಕೋರ್ಟಿಗೆ ಬಂದು ತಲೆ ತಗ್ಗಿಸಿ ನಿಲ್ಲುವುದನ್ನು ನೋಡಿದ್ದೇನೆ, ಮರ್ಯಾದೆ ಎನ್ನುತ್ತಾರೆ. ನನಗದು ಸರಿ ಕಾಣುವುದಿಲ್ಲ. ನಿಮ್ಮ ಹೆಸರಿನಲ್ಲಿ ತಪ್ಪೊಪ್ಪಿಗೆ ದಾಖಲಾದರೆ ಮುಂದಿನ ಸಲ ನೀವೇ 'ಎರಡನೇ ಬಾರಿ' ಆಗುತ್ತೀರಿ. ಓಡಿಸಿದ್ದು ಹದಿನೆಂಟು ತುಂಬದ ಮಗನಾಗಿದ್ದರೆ ಮಾತ್ರ ಟೈಪಿಂಗ್ ಅಂಗಡಿಗೆ ಬರಬೇಡಿ, ನೇರ ವಕೀಲರ ಬಳಿ ಹೋಗಿ. ಅಲ್ಲಿ ಪಾಲಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಇರುವ 199ಎ ಕಲಂ ಕೂತಿದೆ.

ಕಟ್ಟುವುದೋ, ಹೋರಾಡುವುದೋ

ಫೋಟೊ ನಿಮ್ಮದೇ, ವೇಗ ಮೀರಿದ್ದು ನಿಜ, ತಾರೀಕು ಸರಿ ಇದೆ ಎಂದರೆ ಕಟ್ಟಿಬಿಡಿ. ಸಮನ್ಸಿಗೆ ಕಾಯಬೇಡಿ. ಕರ್ನಾಟಕದಲ್ಲಿ ಪೊಲೀಸರ ಹಂತದಲ್ಲೇ ಕಟ್ಟಿದರೆ ಬೈಕು, ಆಟೊ, ಕಾರಿನಂಥ ಲಘು ವಾಹನಗಳಿಗೆ 1,000 ರೂಪಾಯಿ, ಮಧ್ಯಮ ಮತ್ತು ಭಾರಿ ವಾಹನಗಳಿಗೆ 2,000. ಕೋರ್ಟಿಗೆ ಹೋದರೆ ನ್ಯಾಯಾಧೀಶರ ಕೈಯಲ್ಲಿರುವುದು ಕಾಯ್ದೆಯ ಪೂರ್ತಿ ಅಳತೆ: ಲಘು ವಾಹನಕ್ಕೆ ಒಂದರಿಂದ ಎರಡು ಸಾವಿರ, ದೊಡ್ಡ ಗಾಡಿಗೆ ಎರಡರಿಂದ ನಾಲ್ಕು ಸಾವಿರ. ಕನಕಗಿರಿಯಿಂದ ಬಂದು ಹೋಗುವ ಖರ್ಚು, ಒಂದು ದಿನದ ದುಡಿಮೆ, ವಕೀಲರ ಫೀಸು ಸೇರಿಸಿದರೆ ಸಾವಿರದ ಕೇಸು ಐದು ಸಾವಿರಕ್ಕೆ ಬೀಳುತ್ತದೆ. ನನ್ನ ಅಂಗಡಿಗೆ ಗಿರಾಕಿ ಕಡಿಮೆಯಾದರೂ ಪರವಾಗಿಲ್ಲ, ಇದನ್ನು ಹೇಳಲೇಬೇಕು.

ಅರ್ಧ ದಂಡದ ರಿಯಾಯಿತಿ ಬರಲಿ ಎಂದು ಕಾಯುವವರಿದ್ದಾರೆ. ರಾಜ್ಯ ಸರ್ಕಾರ 2023ರ ಫೆಬ್ರುವರಿಯಲ್ಲಿ, ಮತ್ತೆ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಬಾಕಿ ಇ-ಚಲನ್‌ಗಳಿಗೆ ಶೇ 50ರಷ್ಟು ಬಿಟ್ಟಿದ್ದು ನಿಜ. ಆದರೆ ಅದು ಹಬ್ಬದಂತೆ ತಿಥಿ ನೋಡಿ ಬರುವುದಲ್ಲ. ಸಮನ್ಸು ಕೈಯಲ್ಲಿಟ್ಟುಕೊಂಡು ರಿಯಾಯಿತಿಗೆ ಕಾದು ವಾರಂಟು ಮಾಡಿಸಿಕೊಂಡವರೂ ಇದ್ದಾರೆ.

ಲೋಕ ಅದಾಲತ್ತು ಮಾತ್ರ ಕಾಯಲು ಯೋಗ್ಯ. ರಾಷ್ಟ್ರೀಯ ಲೋಕ ಅದಾಲತ್ತು ವರ್ಷಕ್ಕೆ ಸಾಮಾನ್ಯವಾಗಿ ನಾಲ್ಕು ಬಾರಿ, ಶನಿವಾರದಂದು ನಡೆಯುತ್ತದೆ. ಸಣ್ಣ ದಂಡದ ಕೇಸುಗಳು ಅಲ್ಲಿ ಒಂದೇ ದಿನದಲ್ಲಿ ಮುಗಿಯುತ್ತವೆ, ಕೋರ್ಟ್ ಶುಲ್ಕ ಇಲ್ಲ. ನಿಮ್ಮ ಕೇಸನ್ನು ಅದಕ್ಕೆ ಸೇರಿಸಿ ಎಂದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅಥವಾ ತಾಲ್ಲೂಕು ಸಮಿತಿಯಲ್ಲಿ ಮುಂಚೆಯೇ ಕೇಳಿ. ಅಲ್ಲಿ ಒಪ್ಪಿ ಮುಗಿಸಿದ್ದಕ್ಕೆ ಮೇಲ್ಮನವಿ ಇಲ್ಲ ಎಂಬುದು ಗೊತ್ತಿರಲಿ. ಅದೇ ಕಚೇರಿಯಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಆದಾಯ ಕಡಿಮೆ ಇರುವವರು ಉಚಿತ ವಕೀಲರನ್ನು ಕೇಳಬಹುದು. 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು.

ಹೋರಾಡಬೇಕಾದದ್ದು ಗಾಡಿ ನಿಮ್ಮದಲ್ಲದಾಗ, ದಿನಗಳ ಲೆಕ್ಕ ಸ್ಪಷ್ಟವಾಗಿ ತಪ್ಪಿದಾಗ, ಇಲ್ಲವೇ ಇದು ಎರಡನೇ ಕೇಸಾಗಿ ನಿಮ್ಮ ಹೊಟ್ಟೆಪಾಡು ಲೈಸೆನ್ಸಿನ ಮೇಲೆ ನಿಂತಿರುವಾಗ. ಎರಡನೇ ಸಲ ಸಿಕ್ಕರೆ ದಂಡದ ಜೊತೆ ಲೈಸೆನ್ಸ್ ಜಪ್ತಿಗೂ ಕಾಯ್ದೆಯಲ್ಲಿ ದಾರಿ ಇದೆ. ಲೈಸೆನ್ಸ್ ತೆಗೆದುಕೊಂಡರೆ ಅದಕ್ಕೊಂದು ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಆದರೆ ಆ ಚೀಟಿ ಕೈಯಲ್ಲಿದ್ದರೂ ಲೈಸೆನ್ಸ್ ವಾಪಸು ಬರುವವರೆಗೆ ಗಾಡಿ ಓಡಿಸುವಂತಿಲ್ಲ. ಗಾಡಿ ನಿಮ್ಮದಲ್ಲ ಎಂಬ ತಕರಾರಿಗೆ ಕೋರ್ಟೇ ಬೇಕೆಂದಿಲ್ಲ. ಚಲನ್ ಹಂತದಲ್ಲಿದ್ದಾಗಲೇ ಆರ್‌ಸಿ ನಕಲು, ಗಾಡಿಯ ಎರಡು ಫೋಟೊ ಲಗತ್ತಿಸಿ ಸಂಚಾರ ಠಾಣೆಗೆ ಅರ್ಜಿ ಕೊಟ್ಟರೆ, ಪರಿವಾಹನ್ ತಾಣದಲ್ಲೂ ದೂರು ದಾಖಲಿಸಿದರೆ, ಎಷ್ಟೋ ಕೇಸು ಅಲ್ಲೇ ಬಿಟ್ಟುಹೋಗುತ್ತವೆ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.

ಸಮನ್ಸಿನಲ್ಲೇ ಇರುವ ಒಂದು ಸಾಲು

ಬಹಳ ಮಂದಿ ಓದದ ಸಾಲು ಇದು. ಜೈಲು ಶಿಕ್ಷೆ ಇಲ್ಲದ ಇಂಥ ಕೇಸಿನಲ್ಲಿ, ಖುದ್ದಾಗಿ ಅಥವಾ ವಕೀಲರ ಮೂಲಕ ಹಾಜರಾಗಬಹುದು, ಇಲ್ಲವೇ ವಿಚಾರಣೆಗೆ ಮುಂಚೆ ಕೋರ್ಟು ಗೊತ್ತುಮಾಡಿದ ತಾರೀಕಿನೊಳಗೆ ತಪ್ಪೊಪ್ಪಿಕೊಂಡು ಕೋರ್ಟು ಹೇಳಿದ ಮೊತ್ತವನ್ನು ಮನಿ ಆರ್ಡರಿನಲ್ಲಿ ಕಳಿಸಬಹುದು ಎಂದು ಸಮನ್ಸಿನಲ್ಲಿ ಬರೆಯಬೇಕು ಎಂದು 208ನೇ ಕಲಂ ಹೇಳುತ್ತದೆ. ಹಾಗೆ ಕಳಿಸಿದರೆ ಆ ಅಪರಾಧದ ಮೇಲೆ ಮುಂದಿನ ಕ್ರಮ ಇಲ್ಲ, ತಪ್ಪೊಪ್ಪಿಕೊಂಡ ಕಾರಣಕ್ಕೆ ಲೈಸೆನ್ಸಿಗೆ ಅನರ್ಹತೆಯೂ ಬರುವುದಿಲ್ಲ. ಡ್ರೈವಿಂಗೇ ಜೀವನವಾದವರಿಗೆ ಈ ಕೊನೆಯ ಮಾತು ದೊಡ್ಡದು. ನಿಮ್ಮ ಸಮನ್ಸಿನಲ್ಲಿ ಈ ಸಾಲು ಇದ್ದರೆ ಗೆರೆ ಎಳೆದು, ವಕೀಲರಿಗೆ ತೋರಿಸಿ.

ಕೋರ್ಟಿನ ದಿನ

ಹಿಂದಿನ ರಾತ್ರಿಯೇ ಸಮನ್ಸು, ನೋಟಿಸು ಲಕೋಟೆ ಸಮೇತ, ಲೈಸೆನ್ಸು, ಆರ್‌ಸಿ, ವಿಮೆ, ಆಧಾರ್, ಇವುಗಳ ಎರಡೆರಡು ಝೆರಾಕ್ಸು ಒಂದು ಚೀಲಕ್ಕೆ ಹಾಕಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಕೇಸಿನ ಹದಿನಾರು ಅಕ್ಷರಗಳ ಸಿಎನ್‌ಆರ್ ನಂಬರು ಹಾಕಿದರೆ ತಾರೀಕು ಬದಲಾಗಿದ್ದರೂ ಗೊತ್ತಾಗುತ್ತದೆ. ಕೇಸು ಕೊಪ್ಪಳದ್ದೇ ಎಂದು ಅಂದುಕೊಳ್ಳಬೇಡಿ. ಕುಷ್ಟಗಿ ಹತ್ತಿರ ಆದದ್ದು ಕುಷ್ಟಗಿ ಕೋರ್ಟಿನಲ್ಲಿ, ಗಂಗಾವತಿಯದ್ದು ಗಂಗಾವತಿಯಲ್ಲಿ ಇರಬಹುದು.

ಹತ್ತೂವರೆಗೆ ಮುಂಚೆ ಅಲ್ಲಿರಿ. ಕೋರ್ಟ್ ಹಾಲಿನ ಹೊರಗೆ ಅಂಟಿಸಿದ ಪಟ್ಟಿಯಲ್ಲಿ ನಿಮ್ಮ ಕೇಸಿನ ಕ್ರಮಸಂಖ್ಯೆ ನೋಡಿಕೊಳ್ಳಿ, ಆಮೇಲೆ ಚಹಾಕ್ಕೆ ಹೋಗಬೇಡಿ. ಹೆಸರು ಕೂಗಿದಾಗ ಇರದಿದ್ದರೆ ಚಹಾ ದುಬಾರಿಯಾಗುತ್ತದೆ. ಮೊಬೈಲು ಬಂದ್ ಮಾಡಿ, ಹೆಗಲ ಟವೆಲು ಚೀಲಕ್ಕೆ ಹಾಕಿ, ಒಳಗೆ ಹೋದಾಗ ಕೈ ಮುಗಿದು ನಿಲ್ಲಿ. ಕನ್ನಡದಲ್ಲೇ ಮಾತಾಡಿ. 'ಸ್ವಾಮಿ' ಎಂದರೆ ಸಾಕು.

ನ್ಯಾಯಾಧೀಶರು ಆರೋಪ ಏನೆಂದು ಓದಿ ಹೇಳಿ 'ಒಪ್ಪಿಕೊಳ್ಳುತ್ತೀರಾ?' ಎಂದು ಕೇಳುತ್ತಾರೆ. ಇಲ್ಲಿ ಉತ್ತರ ಒಂದೇ ಮಾತಿನದು. 'ಒಪ್ಪುತ್ತೇನೆ ಸ್ವಾಮಿ, ಆದರೆ ನಾನು ಅಷ್ಟು ಜೋರಾಗಿ ಓಡಿಸಿಲ್ಲ' ಎಂಬ ಉತ್ತರವನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಅದು ಒಪ್ಪಿಗೆಯೂ ಅಲ್ಲ, ತಕರಾರೂ ಅಲ್ಲ. ಒಪ್ಪಿದರೆ ದಂಡ ಹೇಳುತ್ತಾರೆ. ಮೊದಲ ಸಲ, ಡ್ರೈವಿಂಗೇ ಕೆಲಸ, ಮನೆಯಲ್ಲಿ ಕಷ್ಟ ಎಂಬುದನ್ನು ಆಗ ಎರಡು ಮಾತಿನಲ್ಲಿ ಹೇಳಿಕೊಳ್ಳಬಹುದು. ಒಪ್ಪಿಕೊಂಡ ಮೇಲೆ ತಪ್ಪೇ ಮಾಡಿಲ್ಲ ಎಂದು ಮೇಲಿನ ಕೋರ್ಟಿಗೆ ಹೋಗಲು ದಾರಿ ಮುಚ್ಚಿದಂತೆಯೇ. ದಂಡ ಹೆಚ್ಚಾಯಿತು ಅಥವಾ ಕಾನೂನಿಗೆ ಸರಿಯಲ್ಲ ಎನ್ನುವಷ್ಟು ಜಾಗ ಮಾತ್ರ ಉಳಿದಿರುತ್ತದೆ.

ಒಪ್ಪುವುದಿಲ್ಲ ಎಂದರೆ ಬೇರೆ ತಾರೀಕು ಕೊಡುತ್ತಾರೆ. ಚಲನ್ ಹಾಕಿದ ಅಧಿಕಾರಿ ಸಾಕ್ಷಿಗೆ ಬರಬೇಕು, ಯಂತ್ರದ ಕಾಗದ ಕೋರ್ಟಿನ ಮುಂದೆ ಬರಬೇಕು, ನಿಮ್ಮ ಕಡೆಯವರು ಅವರನ್ನು ಪಾಟೀಸವಾಲು ಮಾಡಬೇಕು. ಇಲ್ಲಿ ವಕೀಲರು ಬೇಕೇ ಬೇಕು. ಕಾನೂನು ನಿಮಗೆ ಬಾಯಿ ಕೊಟ್ಟಿದೆ ನಿಜ, ಆದರೆ ಪಾಟೀಸವಾಲು ಜಗಳವಲ್ಲ. ಸಿಟ್ಟಿನಲ್ಲಿ ಕೇಳಿದ ಒಂದು ಪ್ರಶ್ನೆ ಎದುರಿನವರ ಕೇಸನ್ನೇ ಗಟ್ಟಿ ಮಾಡಿಬಿಡುತ್ತದೆ. ಹಾಜರಾಗಲು ಆಗದ ದಿನ ವಕೀಲರ ಮೂಲಕ ವಿನಾಯಿತಿ ಅರ್ಜಿ ಹಾಕಿಸಿ. ಸುಮ್ಮನೆ ತಪ್ಪಿಸಿಕೊಂಡರೆ ಮೊದಲು ಜಾಮೀನು ಸಿಗುವ ವಾರಂಟು, ಆಮೇಲೆ ಜಾಮೀನಿಲ್ಲದ್ದು. ಸಾವಿರ ರೂಪಾಯಿ ದಂಡಕ್ಕೆ ಬೆಳಗಿನ ಜಾವ ಮನೆ ಮುಂದೆ ಪೊಲೀಸ್ ಜೀಪು ನಿಲ್ಲುವುದು ಯಾರಿಗೆ ಬೇಕು?

ದಂಡವನ್ನು ಕೋರ್ಟಿನ ಕಚೇರಿಯಲ್ಲೇ ಕಟ್ಟಿ ರಸೀದಿ ತೆಗೆದುಕೊಳ್ಳಿ. ಹೊರಗೆ 'ಕೊಡ್ರಿ, ನಾ ಕಟ್ಟಿ ಬರ್ತೀನಿ' ಎನ್ನುವವರ ಕೈಗೆ ದುಡ್ಡು ಕೊಡಬೇಡಿ. ರಸೀದಿಯ ಮೇಲೆ ಕೇಸಿನ ನಂಬರು, ನಿಮ್ಮ ಹೆಸರು ಸರಿ ಇದೆಯೇ ಎಂದು ಅಲ್ಲೇ ನಿಂತು ಓದಿ.

ಏಸ್ ಗಾಡಿಯ ಹುಡುಗನಿಗೆ ಅವತ್ತು ತಪ್ಪೊಪ್ಪಿಗೆ ಬದಲು ಬೇರೆ ಅರ್ಜಿ ಟೈಪ್ ಮಾಡಿದೆ, ಎರಡು ಫೋಟೊ ಅಂಟಿಸಿದೆವು, ಪರಿಚಯದ ವಕೀಲರೊಬ್ಬರು ಅದನ್ನು ಹಾಕಿಕೊಟ್ಟರು. ಮೂರನೇ ತಾರೀಕಿಗೆ ಕೇಸು ಮುಗಿಯಿತು. ಎರಡು ತಿಂಗಳ ನಂತರ ಅವನು ಮತ್ತೆ ಬಂದ. ಕೋರ್ಟಿನಲ್ಲಿ ಮುಗಿದ ಚಲನ್ ಪರಿವಾಹನ್ ತಾಣದಲ್ಲಿ ಇನ್ನೂ ಬಾಕಿ ಎಂದೇ ತೋರಿಸುತ್ತಿತ್ತು, ಅವನಿಗೆ ಗಾಡಿ ಮಾರಬೇಕಿತ್ತು. ಹೀಗಾಗುವುದುಂಟು. ಕೇಸು ಮುಗಿದ ಒಂದೆರಡು ವಾರಕ್ಕೆ ತಾಣದಲ್ಲಿ ನೋಡಿ, ಬಾಕಿ ಎಂದಿದ್ದರೆ ಆದೇಶದ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ಅದನ್ನು ಲಗತ್ತಿಸಿ ಸಂಚಾರ ಠಾಣೆಗೆ ಕೊಡಿ. ನಕಲನ್ನು ಲ್ಯಾಮಿನೇಟ್ ಮಾಡಿಸಬೇಡಿ, ಆಮೇಲೆ ಅದರ ಮೇಲೆ ಮೊಹರು ಹತ್ತುವುದಿಲ್ಲ.